ನಾದಿನಿಯ ಮೈಮೇಲೆ ಬಂದ ಸ್ಪೇನ್

ನನಗೆ ಆಗ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಕೆಲವರ ಮೈಮೇಲೆ ದೇವರು ಬರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ ನನ್ನ ನಾದಿನಿಯ ಮೈಮೇಲೆ ಸ್ಪೇನ್ ದೇಶ ಬರುತ್ತಿತ್ತು.

ಅದೂ ಎಲ್ಲಿ? ನಾನಾಗ ಹೋಗಿ ಅವಳ ಜೊತೆಗಿದ್ದ ಲೈಡನ್ನಿನಲ್ಲಿ. ನಾನೂರೈವತ್ತು ವರ್ಷದ ಹಿಂದೆ ಮುತ್ತಿಗೆ ಹಾಕಿದ್ದ ಸ್ಪೇನಿನವರು ಓಡಿಹೋದರೆಂದು ಆ ಊರು ಇವತ್ತಿಗೂ ಪ್ರತಿ ಅಕ್ಟೋಬರಿನಲ್ಲಿ ಕ್ಯಾರೆಟ್ಟು, ಈರುಳ್ಳಿ, ಆಲೂಗಡ್ಡೆ ಬೇಯಿಸಿ, ಕಿವುಚಿ, ತಿಂದು ಕುಣಿಯುತ್ತದೆ. (ಒಗ್ಗರಣೆ ಇಲ್ಲ. ಗೆದ್ದವರ ಊಟವೇ ಹೀಗಿದ್ದರೆ ಸೋತವರು ಏನು ತಿಂದರೋ.) ಅಲ್ಲಿ ಕೂತು ಸ್ಪೇನನ್ನು ಹೊಗಳುವುದೆಂದರೆ, ಬೀಗರ ಪಂಕ್ತಿಯಲ್ಲಿ ಕೂತು ಅವರ ದಾಯಾದಿಯ ಅಡುಗೆ ಹೊಗಳಿದ ಹಾಗೆ.

"ಓಡಿಹೋದವರ ಬಗ್ಗೆ ತಿಳ್ಕೋಬೇಡ್ವಾ ಅತ್ತಿಗೆ?" ಎನ್ನುವಳು.

"ಓಡಿಸಿದ್ಮೇಲೆ ತಿಳ್ಕೊಂಡು ಏನ್ಮಾಡ್ತೀಯೇ?"

ಚಿತ್ರಾನ್ನ ಬಡಿಸಿದರೆ, ಸ್ಪೇನಿಗೆ ಅಕ್ಕಿ ತಂದವರು ಅರಬರು ಎಂದು ಶುರುಮಾಡುವಳು. ಅನ್ನ ಆರಿ ಅಕ್ಕಿಯಾದ ಮೇಲೆ ಅರಬರು ದಡ ಸೇರುತ್ತಿದ್ದರು. ಗೋಡೆಯ ಮೇಲೆ ಒಂದು ರಾಜಕುಮಾರಿಯ ಚಿತ್ರ. ಅದರೊಳಗೆ ಚಿತ್ರ ಬರೆದವನೇ ಕುಂಚ ಹಿಡಿದು ನಿಂತಿದ್ದಾನೆ. "ಮದುವೆ ಫೋಟೋದಲ್ಲಿ ಫೋಟೋದವನೇ ಬಂದು ನಿಂತಂಗಿದೆ" ಎಂದೆ. "ಅದೇ ಅತ್ತಿಗೆ ಅದರ ಸೊಗಸು" ಎಂದು ಇನ್ನೊಂದು ಗಂಟೆ ಹೇಳಿದಳು.

ಅವಳ ಗಂಡ ಇದ್ದಾಗ ಅವರೊಬ್ಬರು ಕೇಳುತ್ತಿದ್ದರು. ಅವರು ಹೋದ ಮೇಲೆ ಕೇಳುವ ಕಿವಿ ಇರಲಿಲ್ಲ. ಅದಕ್ಕೇ ಬಡಾವಣೆಯ ಸಮುದಾಯ ಕೇಂದ್ರದಲ್ಲಿ, ಹೊಸಬರಿಗೆ ಸ್ಪೇನ್ ಪಾಠ ಹೇಳುತ್ತೇನೆಂದು ಕೋಣೆ ಕೇಳಿದಳು. ಮೇಲ್ವಿಚಾರಕಿ ಕಡ್ಡಿ ಮುರಿದ ಹಾಗೆ ಹೇಳಿದಳು: ಶನಿವಾರ ನಾಲ್ಕಕ್ಕೆ ಹತ್ತು ಜನ ಬಂದರೆ ಕೋಣೆ ನಿಮಗೆ, ಇಲ್ಲದಿದ್ದರೆ ಹೆಣಿಗೆಯವರಿಗೆ.

ನಮ್ಮ ಕನ್ನಡದವರೆಲ್ಲ ಬರುತ್ತೇವೆಂದರು. ಬರುತ್ತಾರೆ, ಆದರೆ ಐದಕ್ಕೆ. ಆಫೀಸಿನ ರೈಲಿಗೆ ಒಂದು ನಿಮಿಷವೂ ತಡಮಾಡದವರು, ನಮ್ಮವರು ಕರೆದ ಕಡೆಗೆ ಹೊರಟರೆ ಮಾತ್ರ ಬೇರೆ ಗಡಿಯಾರ ಕಟ್ಟಿಕೊಳ್ಳುತ್ತಾರೆ.

"ಕೋಣೆ ಹೋದ್ರೆ ನಾನು ಗೋಡೆಗೇ ಪಾಠ ಹೇಳ್ಬೇಕು ಅತ್ತಿಗೆ" ಎಂದು ನಾದಿನಿ ಊಟ ಬಿಟ್ಟಳು.

ನನಗೆ ಓದುಬರಹ ಅಷ್ಟಕ್ಕಷ್ಟೇ, ಮೆಸೇಜು ಹಾಕಲು ಬಾರದು. ಬಾಯಿ ಇದೆಯಲ್ಲ. ಅವಳು ಅಂಗಡಿಗೆ ಹೋದಾಗ ಒಬ್ಬೊಬ್ಬರಿಗೂ ಫೋನು ಮಾಡಿದೆ: "ಪಾಠ ಮೂರಕ್ಕೇ ಶುರು ಕಣಪ್ಪಾ."

ಶನಿವಾರ ನಾಲ್ಕಕ್ಕೆ ಐದು ನಿಮಿಷ ಬಾಕಿ. ಕುರ್ಚಿಯಲ್ಲಿ ನಾನು, ಪಕ್ಕದ ಮನೆಯ ಡಚ್ ಗಂಡಹೆಂಡತಿ. ಬಾಗಿಲಲ್ಲಿ ಮೇಲ್ವಿಚಾರಕಿ, ಅವಳ ಹಿಂದೆ ಉಣ್ಣೆಯ ಉಂಡೆ ಹಿಡಿದ ಹೆಣಿಗೆಯವರು. ನಾದಿನಿ ಬಿಳುಚಿಕೊಂಡಿದ್ದಳು. ಅಷ್ಟರಲ್ಲಿ ನಮ್ಮ ಕನ್ನಡದವರು, ಯುಟ್ರೆಕ್ಟ್ ಊರಿನವರು, ಹೂಫ್‌ಡಾರ್ಪಿನವರು, ಲೈಡನ್ನಿನ ವಿದ್ಯಾರ್ಥಿಗಳು ಏದುಸಿರು ಬಿಡುತ್ತ ನುಗ್ಗಿದರು.

"ಸಾರಿ ಆಂಟಿ, ಒನ್ ಅವರ್ ಲೇಟಾಗೋಯ್ತು. ಟ್ರೈನ್ ಕ್ಯಾನ್ಸಲ್."

"ನಂಗೂ ಟ್ರೈನ್ ಕ್ಯಾನ್ಸಲ್ ಆಂಟಿ" ಎಂದಳು, ಪಕ್ಕದ ಬೀದಿಯ ಹುಡುಗಿ.

ಕುರ್ಚಿ ಸಾಲಲಿಲ್ಲ. ಮೇಲ್ವಿಚಾರಕಿ ಗಡಿಯಾರ ನೋಡಿ, ಇಷ್ಟು ಸರಿಯಾಗಿ ಡಚ್ಚರೂ ಬರುವುದಿಲ್ಲ ಎಂದಳಂತೆ. ನಾನು ಸೆರಗು ಸರಿಮಾಡಿಕೊಂಡೆ.

ನಾದಿನಿ ಒಂದು ಮಾತು ಕನ್ನಡದಲ್ಲಿ, ಒಂದು ಡಚ್ಚಿನಲ್ಲಿ, ಅಂಗಳದಲ್ಲೇ ನೀರು ಹರಿಯುವ ಸ್ಪೇನಿನ ಅರಮನೆಯ ಕಥೆ ಹೇಳಿದಳು. ಅದನ್ನು ಕಳೆದುಕೊಂಡ ಸುಲ್ತಾನ ಬೆಟ್ಟದ ತಿರುವಿನಲ್ಲಿ ಹಿಂತಿರುಗಿ ನೋಡಿ ಅತ್ತನಂತೆ. ಉಳಿಸಿಕೊಳ್ಳಲಾಗದ್ದಕ್ಕೆ ಈಗ ಅಳುತ್ತೀಯಾ ಎಂದು ಅವನ ತಾಯಿ ಅಲ್ಲೇ ಅವನನ್ನು ಬೈದಳಂತೆ. ಯಾರ ಫೋನೂ ಗುಂಯ್‌ಗುಡಲಿಲ್ಲ. ಕೋಣೆ ಅವಳದಾಯಿತು.

ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ, ಗಂಡ ಕೂರುತ್ತಿದ್ದ ಕುರ್ಚಿಯ ಬೆನ್ನನ್ನು ಒಮ್ಮೆ ಸವರಿದಳು. ನಾನು ನೋಡಿದೆ.

ಮರುದಿನ ಬೆಳಿಗ್ಗೆ ಮುಖ ತೊಳೆದು, ಹೋಗಿ ಆ ಕುರ್ಚಿಯಲ್ಲಿ ಕೂತೆ.

"ಆ ಸುಲ್ತಾನನ ತಾಯಿ ಆಮೇಲೆ ಏನಾದ್ಳೇ?" ಎಂದೆ.