ನನ್ನ ಶಪಥವೂ ಮಾವನ ರೆಂಚೂ

"ಇವತ್ತಿನಿಂದ ನನ್ನ ಮನೇಲಿ ಪರದೇಶದ ಒಂದೇ ಒಂದು ಮೊಳೆ ಕೂಡ ಇರಕೂಡದು!"

ಶನಿವಾರ ಮಧ್ಯಾಹ್ನ ಕಚೇರಿಯ ಊಟದ ಕೋಣೆಯಲ್ಲಿ ಕುರ್ಚಿ ಹತ್ತಿ ನಿಂತು ನಾನು ಹೀಗೆ ಘೋಷಿಸಿದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು. ಭಾಷಣ ಚೆನ್ನಾಗಿತ್ತೆಂದು ತಟ್ಟಿದರೋ, ಸದ್ಯ ಮುಗಿಯಿತಲ್ಲ ಎಂದು ತಟ್ಟಿದರೋ, ಆ ವಿಚಾರಕ್ಕೆ ನಾನು ಹೋಗಲಿಲ್ಲ. ಚಪ್ಪಾಳೆಯನ್ನು ಸೋಸಿ ನೋಡುವವನು ನಾಯಕನಾದ ದಾಖಲೆ ಎಲ್ಲೂ ಇಲ್ಲ!

ನನ್ನ ಸಿಟ್ಟಿಗೆ ಕಾರಣವಿತ್ತು. ನಮ್ಮ ಕಚೇರಿಯ ರಜೆ ವಿಭಾಗವನ್ನು ಹೊರಗುತ್ತಿಗೆಗೆ ಕೊಟ್ಟು ಆರು ತಿಂಗಳಾಗಿತ್ತು. ಮೊದಲಾದರೆ ಎರಡು ಮೇಜು ಆಚೆ ಕೂರುತ್ತಿದ್ದ ದಪ್ಪ ಕನ್ನಡಕದವರ ಕಡೆ ತಿರುಗಿ "ನಾಳೆ ಬರಲ್ಲ" ಎಂದರೆ ಮುಗಿಯುತ್ತಿತ್ತು. ಈಗ ಅರ್ಜಿ ಸಮುದ್ರ ದಾಟಿ ಯಾವುದೋ ದೇಶಕ್ಕೆ ಹೋಗಬೇಕು. ಹಲ್ಲು ಕೀಳಿಸಿಕೊಳ್ಳಲು ಒಂದು ದಿನ ರಜೆ ಕೇಳಿ, ಕಾರಣದ ಜಾಗದಲ್ಲಿ "ದವಡೆ ಹಲ್ಲನ್ನು ಕಳೆದುಕೊಳ್ಳುತ್ತಿದ್ದೇನೆ" ಎಂದು ಬರೆದಿದ್ದೆ. ಮೂರು ವಾರದ ಮೇಲೆ ಉತ್ತರ ಬಂತು: "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಅಗಲಿದವರು ನಿಮಗೆ ಏನಾಗಬೇಕು?" ಅಷ್ಟರಲ್ಲಿ ಹಲ್ಲು ನನ್ನ ರಜೆಗೆ ಕಾಯದೆ ತಾನೇ ಬಿದ್ದುಹೋಗಿತ್ತು.

ಇದಕ್ಕಿಂತ ದೊಡ್ಡ ಕಾರಣ ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ಇದೇ ಊರಿನ ಉಪಕರಣಗಳ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕೆಂಪಗೆ ಕಾದ ಕಬ್ಬಿಣ ಬಡಿದವರು. ಒಂದು ದಿನ ಕಾರ್ಖಾನೆಯವರು ಕೆಲಸವನ್ನೆಲ್ಲ ಅಗ್ಗದ ದೇಶವೊಂದಕ್ಕೆ ದಾಟಿಸಿ ಗೇಟಿಗೆ ಬೀಗ ಜಡಿದರು. ಅಂದಿನಿಂದ ಮಾವ ಮಂಕಾಗಿದ್ದರು. ಈಚೆಗೆ ಮಾತ್ರ ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗುತ್ತಾರಂತೆ. ಎಲ್ಲಿಗೆ ಎಂದು ಕೇಳಿದರೆ "ಕಾಯಂ ಆಗ್ಲಿ, ಆಮೇಲೆ ಹೇಳ್ತೀನಿ" ಎನ್ನುತ್ತಾರಂತೆ. ಭಾನುವಾರ ಸಂಜೆ ಅವರು ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಮನೆಯ ಉಪಕರಣಗಳನ್ನೆಲ್ಲ ಅಪ್ಪಟ ಸ್ವದೇಶಿ ಮಾಡಿ ಅವರ ಮುಂದೆ ಹರಡಿದರೆ? ಮುದುಕರ ಕಣ್ಣಲ್ಲಿ ನೀರು ಬರಬೇಕು! ನೀರೇನೋ ಬಂತು, ಆದರೆ ಬಂದ ಜಾಗ ಬೇರೆ.

ಭಾನುವಾರ ಬೆಳಿಗ್ಗೆ ಹೆಂಡತಿ ಅವಳ ಅಕ್ಕನ ಮನೆಗೆ ಹೊರಟಳು.

"ರೀ, ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ. ಅಲ್ಲೀತನಕ ನೀವು ದಯವಿಟ್ಟು ಏನೂ ಮಾಡ್ಬೇಡಿ."

"ಏನೂ ಮಾಡ್ಬೇಡಿ ಅಂದ್ರೆ?"

"ಅಂದ್ರೆ, ಏನೂ ಮಾಡ್ಬೇಡಿ!"

ಅವಳು ರಸ್ತೆಯ ತಿರುವು ದಾಟುತ್ತಿದ್ದಂತೆ ಉಪಕರಣಗಳ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದೆ. ಭೂತಗನ್ನಡಿ ಹಿಡಿದು ಒಂದೊಂದರ ಬೆನ್ನನ್ನೂ ಪರೀಕ್ಷಿಸಿದೆ. ಸುತ್ತಿಗೆ ಪರದೇಶಿ. ಇಕ್ಕಳ ಪರದೇಶಿ. ಸ್ಕ್ರೂ ಡ್ರೈವರುಗಳು ಒಂದೇ ಕುಟುಂಬದ ಆರು ಪರದೇಶಿಗಳು! ಕೊನೆಗೆ ತಳದಲ್ಲಿ ಸಿಕ್ಕಿದ್ದು, ಪೈಪು ತಿರುಗಿಸುವ ಕೆಂಪು ಹಿಡಿಯ ಭಾರಿ ರೆಂಚು. ಅದರ ಮೈಮೇಲೆ ಪರದೇಶದ ಕಂಪನಿಯ ಹೆಸರು ಬೆರಳುದ್ದದ ಅಕ್ಷರಗಳಲ್ಲಿ ಒತ್ತಿತ್ತು.

ಅಲ್ಲಿ ನನ್ನ ಕೈ ಸ್ವಲ್ಪ ತಡೆಯಿತು. ನಾವು ಈ ಮನೆಗೆ ಬಂದ ದಿನ ಮಾವ ತಾವಾಗಿ ತಂದು ಕೊಟ್ಟ ರೆಂಚು ಅದು. "ಅಳಿಯಂದ್ರೇ, ಇದೊಂದಿದ್ರೆ ಮನೆ ನಡೆಯುತ್ತೆ" ಎಂದಿದ್ದರು. ಬಂದಾಗಲೆಲ್ಲ ಮೊಮ್ಮಗುವನ್ನು ವಿಚಾರಿಸಿದಂತೆ "ರೆಂಚು ಹೇಗಿದೆ?" ಎಂದು ಕೇಳುವರು. ಹೆಂಡತಿಗಂತೂ ಅದು ತವರಿನ ಒಡವೆಯ ಹಾಗೆ. ಹಿಡಿ ಮುರಿದುಹೋದ ಅಂಗಳದ ನೀರಿನ ದೊಡ್ಡ ವಾಲ್ವನ್ನು ತಿರುಗಿಸುವ ತಾಕತ್ತು ಇದ್ದದ್ದೂ ಅದಕ್ಕೊಂದಕ್ಕೇ.

ಆದರೆ ಸಿದ್ಧಾಂತಕ್ಕೆ ನೆಂಟಸ್ತಿಕೆ ಉಂಟೇ? ಇದರ ಜಾಗದಲ್ಲಿ ಥಳಥಳಿಸುವ ಸ್ವದೇಶಿ ರೆಂಚು ಕಂಡರೆ ಮಾವ ನನ್ನನ್ನು ಅಪ್ಪಿಕೊಳ್ಳುವುದು ಖಂಡಿತ! ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕೂಗಿದೆ.

"ಸಾರ್, ಈ ರೆಂಚು ಚೆನ್ನಾಗೇ ಇದೆಯಲ್ಲ?"

"ಚೆನ್ನಾಗಿದ್ರೇನಯ್ಯಾ? ಪರದೇಶದ್ದು!"

"ನನ್ನ ತಕ್ಕಡೀನೂ ಪರದೇಶದ್ದೇ ಸಾರ್. ತೂಗ್ಲೋ ಬೇಡ್ವೋ?"

"ತೂಗು, ತೂಗು" ಎಂದೆ. ಹೋರಾಟದಲ್ಲಿ ಕೆಲವು ಸಣ್ಣ ರಾಜಿಗಳು ಇದ್ದೇ ಇರುತ್ತವೆ.

ಅಲ್ಲಿಂದ ನೇರ ಅಂಗಡಿಗೆ. ಅಂಗಡಿಯವನು ಚಿನ್ನದ ಬಣ್ಣದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಮೇಲೆ "ನಮ್ಮ ನೆಲ, ನಮ್ಮ ಉಕ್ಕು" ಎಂದು ಬರೆದಿತ್ತು. ಬೆಲೆ ಬೇರೆಯವುಗಳ ಮೂರು ಪಟ್ಟು.

"ಇದು ನಿಜವಾಗ್ಲೂ ನಮ್ಮಲ್ಲೇ ತಯಾರಾಗಿದ್ದಾ?" ಎಂದು ಕೇಳಿದೆ.

ಅವನು ಡಬ್ಬಿಯ ಮೇಲೆ ಅಂಗೈಯೂರಿ, "ಆಣೆ ಮಾಡಿ ಹೇಳ್ತೀನಿ ಸಾರ್, ಇದು ನಮ್ಮಲ್ಲೇ ತಯಾರಾಗಿದ್ದು!" ಎಂದ. ಆ ಅಂಗೈ ಎಲ್ಲಿತ್ತು ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಹೊಸ ರೆಂಚು ಬಂದ ಮೇಲೆ ಉದ್ಘಾಟನೆ ಆಗಬೇಡವೇ? ಅಡುಗೆಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಅಂಗಿಯ ತೋಳು ಮಡಚಿ ನಿಂತಿದ್ದಾಗಲೇ ಹೆಂಡತಿ ವಾಪಸ್ ಬಂದಳು.

"ಅಯ್ಯೋ, ಅದನ್ನ ಮುಟ್ಬೇಡಿ ಅಂದ್ರೆ! ನಿಮಿಷಕ್ಕೊಂದು ತೊಟ್ಟು ಬೀಳುತ್ತೆ, ಅದರ ಪಾಡಿಗೆ ಅದಿದೆ."

"ಇವತ್ತು ಆ ತೊಟ್ಟಿನ ಕೊನೇ ದಿನ ಕಣೇ!"

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ. ಅದ್ಯಾವ್ದು ಹೊಸ ರೆಂಚು? ಅಪ್ಪಂದು ಎಲ್ಲಿ?"

ಉತ್ತರ ಹೇಳುವ ಬದಲು ರೆಂಚು ತಿರುಗಿಸಿದೆ. ಒಂದು ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದಕ್ಕೆ ಕಾಲೂರಿ ಜಗ್ಗಿದೆ. ಕಟಕ್! ರೆಂಚಿನ ಕೆಳದವಡೆ ಎರಡು ಹೋಳಾಗಿ ಒಂದು ಪಾತ್ರೆಗಳ ಕಡೆಗೂ ಇನ್ನೊಂದು ನನ್ನ ಕಾಲ ಕಡೆಗೂ ಹಾರಿತು. ಹಿಡಿ ಹೋಗಿ ನಲ್ಲಿಗೆ ಬಡಿಯಿತು, ನಲ್ಲಿ ಬುಡಸಮೇತ ಕಿತ್ತು ಬಂತು. ಮರುಕ್ಷಣ ನೀರು ಚಾವಣಿ ಮುಟ್ಟಿ ನನ್ನ ತಲೆಯ ಮೇಲೆ ಇಳಿಯಿತು. ಸಂಬಂಧವೇ ಇಲ್ಲದ ಗೋಡೆ ಗಡಿಯಾರವೂ ತೊಯ್ದು ನಿಂತುಹೋಯಿತು!

ಹೆಂಡತಿ ಟವೆಲ್ ಮುದ್ದೆ ಮಾಡಿ ಪೈಪಿನ ಬಾಯಿಗೆ ಒತ್ತಿದಳು.

"ನಿಂತ್ಕೊಂಡು ಏನ್ ನೋಡ್ತಿದ್ದೀರಿ? ಅಪ್ಪನ ರೆಂಚು ತಗೊಂಡು ಹೋಗಿ ಹೊರಗಿನ ವಾಲ್ವ್ ಮುಚ್ಚಿ!"

"ಅದು... ಅದು ಈಗ ಇಲ್ಲಿಲ್ಲ."

"ಇಲ್ಲಿಲ್ಲ ಅಂದ್ರೆ ಎಲ್ಲಿದೆ?"

"ಒಬ್ಬರಿಗೆ ಬೇಕಾಗಿತ್ತು, ಕೊಟ್ಟಿದ್ದೀನಿ." ಗುಜರಿಯವನಿಗೂ ಬೇಕಾಗಿಯೇ ಇತ್ತಲ್ಲ, ಸುಳ್ಳೇನು?

"ಸಂಜೆ ಅಪ್ಪ ಬಂದ ತಕ್ಷಣ ಅದನ್ನೇ ಕೇಳೋದು. ಅಷ್ಟರಲ್ಲಿ ಅದು ಮನೇಲಿರ್ಬೇಕು. ಇಲ್ದೇ ಹೋದ್ರೆ ನೋಡಿ!"

ಏನು ನೋಡಬೇಕೆಂದು ಅವಳು ಹೇಳಲಿಲ್ಲ. ಹದಿನೈದು ವರ್ಷದ ಸಂಸಾರದಲ್ಲಿ ಅವಳು ವಾಕ್ಯ ಪೂರ್ತಿ ಮಾಡದಿದ್ದಾಗಲೇ ನನಗೆ ಹೆಚ್ಚು ಭಯ. ಹಿಂದಿನ ಬೀದಿಯ ನಲ್ಲಿ ರಿಪೇರಿಯವರಿಗೆ ಫೋನು ಮಾಡಿದೆ.

"ನಾನೀಗ ಕೈಯಾರೆ ಮಾಡಲ್ಲ ಸಾರ್" ಎಂದರು ಅವರು ಗತ್ತಿನಿಂದ. "ಒಂದು ಕಂಪನಿಗೆ ದಾಟಿಸ್ತೀನಿ. ಅವರು ಯಾರಿಗೋ ಕೊಡ್ತಾರೆ, ಅವರು ಯಾರನ್ನೋ ಕಳಿಸ್ತಾರೆ."

ಐದು ನಿಮಿಷಕ್ಕೆ ಕಂಪನಿಯ ಫೋನು ಬಂತು. ಸಕ್ಕರೆಯಂಥ ದನಿ.

"ಶುಭರಾತ್ರಿ ಸಾರ್! ನಿಮ್ಮ ನಲ್ಲಿಯ ಸಮಸ್ಯೆ ನಮಗೆ ತುಂಬಾ ಮುಖ್ಯ."

ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಶುಭರಾತ್ರಿ! ಈಯಮ್ಮನೂ ಸಮುದ್ರದಾಚೆಯವಳೇ!

"ನೀರು ಯಾವಾಗಿಂದ ಬರ್ತಿದೆ ಸಾರ್?"

"ನೀವು ಶುಭರಾತ್ರಿ ಅಂದಾಗಿಂದ ಇನ್ನೂ ಜಾಸ್ತಿ ಬರ್ತಿದೆ ಕಣಮ್ಮಾ!"

"ತುಂಬಾ ಸಂತೋಷ ಸಾರ್. ನಿಮ್ಮ ಕೆಲಸವನ್ನು ನಮ್ಮ ಹಿರಿಯ ತಜ್ಞರಿಗೆ ವಹಿಸಲಾಗಿದೆ."

ಟವೆಲ್ ಹಿಡಿದು ತೊಪ್ಪೆಯಾಗಿ ನಿಂತಿದ್ದ ಹೆಂಡತಿ ಕೇಳಿದಳು, "ಪರದೇಶದ ಮೊಳೆ ಕೂಡ ಇರಕೂಡದು ಅಂತ ಕುರ್ಚಿ ಹತ್ತಿ ಕೂಗಿದ್ರಂತೆ. ಈಗ ಎಲ್ಲಿಗೆ ಫೋನ್ ಮಾಡಿದ್ರಿ?"

ಕಚೇರಿಯ ಸುದ್ದಿ ಅಕ್ಕನ ಮನೆಯವರೆಗೂ ಹೋಗಿತ್ತು. ನಾನು ಬಕೆಟ್ ಹಿಡಿದೆ.

ಅರ್ಧ ಗಂಟೆಗೆ ಬಾಗಿಲ ಗಂಟೆ ಸದ್ದು ಮಾಡಿತು. ಓಡಿಹೋಗಿ ತೆರೆದೆ. ನೀಲಿ ಅಂಗಿ, ನೀಲಿ ಟೋಪಿ, ಎದೆಯ ಮೇಲೆ "ಹಿರಿಯ ತಜ್ಞ" ಎಂಬ ಬಿಲ್ಲೆ, ಭುಜಕ್ಕೊಂದು ಚೀಲ. ಟೋಪಿಯ ಕೆಳಗೆ ನನ್ನ ಮಾವ!

"ಮಾವ! ಊಟಕ್ಕೆ ಇಷ್ಟು ಬೇಗ ಬಂದ್ರಾ?"

"ಊಟಕ್ಕೆ ಸಂಜೆ ಬರ್ತೀನಿ. ಈಗ ಡ್ಯೂಟಿ." ಮಾವ ಗಂಟಲು ಸರಿಮಾಡಿಕೊಂಡು ಬಾಯಿಪಾಠ ಒಪ್ಪಿಸಿದರು, "ನಮಸ್ಕಾರ ಗ್ರಾಹಕರೇ. ನಿಮ್ಮ ಸೇವೆಯೇ ನಮ್ಮ ಸೌಭಾಗ್ಯ. ಎಲ್ರೀ ಸೋರ್ತಿರೋದು?"

ಇದೇ ಅವರ ಗುಟ್ಟಿನ ಕೆಲಸ! ಸೋರುವ ಸದ್ದು ಕೇಳಿ ಅವರು ನನ್ನ ಉತ್ತರಕ್ಕೆ ಕಾಯದೆ ಅಂಗಳಕ್ಕೆ ನಡೆದರು. ಚೀಲಕ್ಕೆ ಕೈಹಾಕಿ ಹೊರಗೆ ತೆಗೆದದ್ದನ್ನು ಕಂಡು ನಾನು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡೆ. ಕೆಂಪು ಹಿಡಿಯ ರೆಂಚು! ಒಂದೇ ತಿರುವಿಗೆ ವಾಲ್ವು ಮುಚ್ಚಿತು, ನೀರು ನಿಂತಿತು. ಹೆಂಡತಿ ಟವೆಲ್ ಬಿಟ್ಟು ಅಂಗಳಕ್ಕೆ ಬಂದಳು.

"ಅಪ್ಪಾ! ಇದು ನಮ್ಮನೆ ರೆಂಚಲ್ವಾ? ನಿಮಗೇ ಕೊಟ್ಟಿದ್ರಾ ಇವ್ರು?"

"ನಂಗ್ಯಾರು ಕೊಟ್ರಮ್ಮ? ಬೆಳಿಗ್ಗೆ ಗುಜರಿ ಅಂಗಡೀಲಿ ಸಿಕ್ತು. ಹಳೇ ಸಾಮಾನು ಹುಡುಕ್ತಾ ಅಲ್ಲಿಗೆ ಹೋಗ್ತಿರ್ತೀನಲ್ಲ. ಯಾವನೋ ಮುಠ್ಠಾಳ ತೂಕಕ್ಕೆ ಹಾಕಿದ್ದ."

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಮಾವನೂ ತಿರುಗಿದರು. ಬೇರೆ ಮುಠ್ಠಾಳ ಯಾರಾದರೂ ಇರಬಹುದೇ ಎಂದು ನಾನೂ ಹಿಂದೆ ತಿರುಗಿ ನೋಡಿದೆ. ಗೋಡೆ ಮಾತ್ರ ಇತ್ತು.

"ಮಾವ, ಅದು ಪರದೇಶದ್ದು!" ಎಂದು ಅಳುದನಿಯಲ್ಲಿ ಹೇಳಿದೆ. "ನಿಮ್ಮ ಕಾರ್ಖಾನೆ ಮುಚ್ಚಿಸಿದವರದ್ದು! ನಿಮಗೆ ಖುಷಿಯಾಗ್ಲಿ ಅಂತ ಸ್ವದೇಶಿ ರೆಂಚು ತಂದೆ..."

ಮಾವ ಗಹಗಹಿಸಿ ನಕ್ಕರು. ಟೋಪಿ ಬಿದ್ದರೂ ನಗುವುದನ್ನು ನಿಲ್ಲಿಸಲಿಲ್ಲ.

"ಅಳಿಯಂದ್ರೇ, ಆ ಹೆಸರು ಒತ್ತಿದ್ದು ಈ ಕೈ! ಆಗ ಆ ದೇಶದವ್ರು ಹೊರಗುತ್ತಿಗೆ ಕೊಡ್ತಿದ್ದದ್ದು ನಮಗೆ. ಅವರು ಹೆಸರು ಕಳಿಸ್ತಿದ್ರು, ನಾವು ಕಬ್ಬಿಣ ಬಡಿದು ಕಳಿಸ್ತಿದ್ವಿ. ಇದು ಮೊದಲ ಕಂತಿನದು, ಕೇಳಿ ಇಸ್ಕೊಂಡಿದ್ದೆ. ಇಲ್ಲಿ ನೋಡಿ." ಹಿಡಿಯ ತಳದಲ್ಲಿ ಸಾಸಿವೆಯಷ್ಟು ಮೂರು ಚುಕ್ಕಿಗಳಿದ್ದವು. "ಒಂದು ನಾನು, ಒಂದು ನಿಮ್ಮತ್ತೆ, ಸಣ್ಣ ಚುಕ್ಕಿ ಇವಳು. ಇವಳು ಹುಟ್ಟಿದ ವಾರ ಮಾಡಿದ್ದು."

ಭೂತಗನ್ನಡಿ ಹಿಡಿದು ಬೆರಳುದ್ದದ ಅಕ್ಷರ ಓದಿದವನಿಗೆ ಆ ಮೂರು ಚುಕ್ಕಿ ಕಾಣಲಿಲ್ಲವಲ್ಲ! ನಿಜವಾಗಿ ನಾಚಿಕೆಯಾಯಿತು. ಹೆಂಡತಿ ಆ ಸಣ್ಣ ಚುಕ್ಕಿಯ ಮೇಲೆ ಬೆರಳಾಡಿಸಿದಳು. ಅವಳ ಕಣ್ಣು ತುಂಬಿತ್ತು.

"ನಿಮ್ಮ ಸ್ವದೇಶಿ ಎಲ್ಲಿ, ತನ್ನಿ" ಎಂದರು ಮಾವ. ಮುರಿದ ರೆಂಚು ತಂದುಕೊಟ್ಟೆ. ಹಿಡಿಯ ಮೇಲಿನ ಚಿನ್ನದ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರು. ಕೆಳಗೆ ನನಗೆ ಓದಲು ಬಾರದ ಲಿಪಿ, ಹೆಸರೂ ಗೊತ್ತಿಲ್ಲದ ದೇಶ!

"ಹಾಗಾದ್ರೆ ಆ ಅಂಗಡಿಯವನು ಆಣೆ ಮಾಡಿದ್ದು?"

"ಎಲ್ಲಿ ಕೈಯಿಟ್ಟು ಮಾಡ್ದ?"

"ಡಬ್ಬಿ ಮೇಲೆ."

"ಹಾಗಿದ್ರೆ ಸತ್ಯವಂತ. ಡಬ್ಬಿ ನಮ್ದೇ, ಅಪ್ಪಟ!" ಎಂದರು ಮಾವ. ಮುರಿದ ತುಂಡನ್ನು ಅಂಗೈಯಲ್ಲಿ ಆಡಿಸಿ, "ಇದನ್ನ ಮಾಡಿದವನನ್ನ ಬಯ್ಬೇಡಿ. ಅಲ್ಲೂ ನನ್ನಂಥ ಒಬ್ಬ ಇರ್ತಾನೆ. ಅವನಿಗೆ ಒಳ್ಳೇ ಉಕ್ಕು ಕೊಟ್ಟಿಲ್ಲ, ಅಷ್ಟೇ" ಎಂದರು.

ಇಪ್ಪತ್ತು ನಿಮಿಷದಲ್ಲಿ ಹೊಸ ನಲ್ಲಿ ಕೂತಿತು. ಮಾವ ಫೋನು ನನ್ನ ಮುಂದೆ ಹಿಡಿದರು.

"ಗ್ರಾಹಕರೇ, ಇವತ್ತಿಗೆ ನನ್ನ ಪರೀಕ್ಷೆಯ ಅವಧಿ ಮುಗಿಯುತ್ತೆ. ಐದು ನಕ್ಷತ್ರ ಒತ್ತಿದ್ರೆ ಕೆಲಸ ಕಾಯಂ. ಕಂಪನಿ ಮಾತ್ರ ಪರದೇಶದ್ದು. ನಿಮ್ಮ ಸಿದ್ಧಾಂತಕ್ಕೆ ಅಡ್ಡಿ ಇಲ್ವಲ್ಲ?"

ಐದೂ ಒತ್ತಿದೆ. ಆರನೆಯದು ಇದ್ದಿದ್ದರೆ ಅದನ್ನೂ ಒತ್ತುತ್ತಿದ್ದೆ! ಫೋನಿನಲ್ಲಿ "ಅಭಿನಂದನೆಗಳು, ಶುಭರಾತ್ರಿ" ಎಂದು ಮೂಡಿತು. ಮಾವ ಕಾಲೇಜು ಹುಡುಗನಂತೆ ಟೋಪಿ ಮೇಲಕ್ಕೆ ಎಸೆದು ಹಿಡಿದರು. ಅವರು ಹಾಗೆ ನಕ್ಕದ್ದನ್ನು ಕಂಡು ಎಷ್ಟೋ ವರ್ಷವಾಗಿತ್ತು. ನನ್ನ ಎದೆ ಹಗುರಾಯಿತು, ಬಾಯಿಯೂ ಸಡಿಲವಾಯಿತು.

"ನೋಡಿದ್ಯಾ? ನಾನು ನಲ್ಲಿ ಮುರೀದೇ ಇದ್ದಿದ್ರೆ ಮಾವನ ಕೆಲಸ ಕಾಯಂ ಆಗ್ತಿತ್ತಾ? ಇವತ್ತಿನಿಂದ ನಮ್ಮನೇಲಿ..."

"ಇವತ್ತಿನಿಂದ ನಮ್ಮನೇಲಿ ರಿಪೇರಿ ಎಲ್ಲಾ ಅಪ್ಪಂಗೆ ಹೊರಗುತ್ತಿಗೆ" ಎಂದಳು ಹೆಂಡತಿ, ನೆಲ ಒರೆಸುವ ಕೋಲನ್ನು ನನ್ನ ಕೈಗಿಡುತ್ತ. "ಇದು ನಿಮಗೆ ಒಳಗುತ್ತಿಗೆ. ಸಂಜೆ ಊಟದೊಳಗೆ ನೆಲ ಒಣಗಿರ್ಬೇಕು."

ಅಭ್ಯಾಸಬಲ! ಕೈ ತಾನಾಗಿ ಕೋಲನ್ನು ತಲೆಕೆಳಗು ಮಾಡಿತು. ಕಣ್ಣು ಕಿರಿದು ಮಾಡಿ ಅದರ ತುದಿಯ ಸಣ್ಣ ಅಕ್ಷರ ಓದತೊಡಗಿದೆ.

"ಏನ್ ಹುಡುಕ್ತಿದ್ದೀರಿ?"

"ಎಲ್ಲಿ ತಯಾರಾಗಿದ್ದು ಅಂತ..."

"ಒರೆಸೋರು ಸ್ವದೇಶಿ ತಾನೇ? ಅಷ್ಟು ಸಾಕು, ಒರೆಸಿ!"