ಲಾಗ್ ಬೆಳೆದರೆ ನನಗೆ ಚಳಿಜ್ವರ

ಹೆದರುವವರ ಮೇಲೆ ಹಾವು ಎಸೆದಂತೆ, ನನ್ನಂಥ ಪುಕ್ಕಲಿಯ ಪಾಲಿಗೇ ಇಂಥವೆಲ್ಲ ಬರುತ್ತಿರುತ್ತವೆ. ಮದ್ದೂರಿನ ಹತ್ತಿರ ಒಂದು ಸಕ್ಕರೆ ಕಾರ್ಖಾನೆ. ಅದರ ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬಳೇ. ಅಲ್ಲಿನ ಸರ್ವರ್ ಪ್ರತಿ ಗಾಡಿ ಕಬ್ಬಿನ ತೂಕ ಬರೆದುಕೊಳ್ಳುತ್ತದೆ. ಬರೆದುಕೊಂಡೆ ಎಂಬುದನ್ನೂ ಲಾಗ್ ಫೈಲಿನಲ್ಲಿ ಇನ್ನೊಮ್ಮೆ ಬರೆಯುತ್ತದೆ. ಆ ಲಾಗ್ ಬೆಳೆದು ಡಿಸ್ಕು ತುಂಬಿದರೆ ತೂಕ ನಿಂತಿತು. ಕಡಿದ ಕಬ್ಬು ರಸ್ತೆಯಲ್ಲೇ ಒಣಗುತ್ತದೆ, ರೈತರು ನನ್ನ ರೂಮು ಹುಡುಕಿಕೊಂಡು ಬರುತ್ತಾರೆ.

೧. ಕಟಾವು

ಸೇರಿದ ತಿಂಗಳಲ್ಲೇ ಡಿಸ್ಕು ತುಂಬಿತು. ಗೇಟಿನಿಂದ ಹೆದ್ದಾರಿಯವರೆಗೆ ಟ್ರ್ಯಾಕ್ಟರುಗಳು. ಕಿರುಗಾವಲಿನ ರೈತರೊಬ್ಬರು ಬಾಗಿಲಲ್ಲಿ ಬಂದು ನಿಂತರು, ಕೈಯಲ್ಲಿ ಮಚ್ಚು. ಲಾಗ್ ಬೆಳೆದದ್ದು, ಡಿಸ್ಕು ಸಾಲದ್ದು ಎಲ್ಲ ತೊದಲಿದೆ. ಅವರು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು.

"ಬೆಳ್ದದೆ ಅಂದ್ಮೇಲೆ ಕಟಾವ್ ಮಾಡ್ಬೇಕು ಕಣಮ್ಮ. ಕಬ್ಬಿನಂಗೆ ಅದ್ಕೂ ನಿಮ್ ಆಪೀಸಿಂದ ಪರ್ಮಿಟ್ ಬರ್ಬೇಕಾ?"

೨. ಪರ್ಮಿಟ್

ಬರಬೇಕಿತ್ತು. ಅಂದೇನೋ ವಾರ್ಷಿಕೋತ್ಸವದ ವಿಡಿಯೊಗಳನ್ನು ಅಳಿಸಿ ತೂಕ ಶುರುಮಾಡಿಸಿದೆ. ಲಾಗ್ ಅಳಿಸಲು ಮಾತ್ರ ಮ್ಯಾನೇಜರ ಸಹಿ ಬೇಕು. ಅವರು ಮಂಡ್ಯದ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿದ್ದು ನಿವೃತ್ತರಾಗಿ ಬಂದವರು, ಭಯದಲ್ಲಿ ನನಗೆ ಅಣ್ಣ. ನಾಳೆ ಯಾರಾದರೂ ಕೇಳಿದರೆ ಏನು ಗತಿ, ಕಾಪಿ ತೆಗೆದಿಟ್ಟು ಆಮೇಲೆ ಅಳಿಸು ಎಂದರು. ಹಾಗೇ ಕಾಪಿ ಮಾಡಿ, ಅಸಲು ಅಳಿಸಿದೆ. ಕಾಪಿ ಹೋಗಿ ಕೂತದ್ದು ಅದೇ ಡಿಸ್ಕಿನಲ್ಲಿ. ಒಂದು ಎಳ್ಳಿನಷ್ಟೂ ಖಾಲಿಯಾಗಲಿಲ್ಲ. ಅಳುತ್ತಾ ಹೋಗಿ ತಪ್ಪೊಪ್ಪಿಕೊಂಡೆ.

"ಓಗ್ಲಿ ಬುಡಮ್ಮ, ಆ ಕಾಪಿನೂ ಅಳ್ಸು," ಎಂದರು. "ಅಳ್ಸಕ್ ಮುಂಚೆ ಒಂದ್ ಕಾಪಿ ಮಡಿಕೊ."

೩. ಕಾವಲು

ಕೊನೆಗೆ ಹಳೆಯ ಲಾಗ್‌ಗಳಿಗೆಂದೇ ಬೇರೆ ಡಿಸ್ಕು ಬಂತು. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಮುದ್ದೆ ಮುರಿಯುವಾಗಲೂ ಎದ್ದುಹೋಗಿ ಸರ್ವರ್ ನೋಡಿ ಬರುತ್ತಿದ್ದೆ. ಈ ಪೀಡೆಯೇ ಬೇಡವೆಂದು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಪ್ರತಿ ಸೆಕೆಂಡಿಗೊಮ್ಮೆ ಸರ್ವರ್‌ನ ಫೈಲುಗಳನ್ನೆಲ್ಲ ಎಣಿಸಿ, ಪಟ್ಟಿ ಬರೆದು, ಕೆಳಗೆ 'ಜಾಗ ಇದೆ, ಹೆದರಬೇಡ' ಎಂದು ಸೇರಿಸಬೇಕು. ಅಂದು ನಿಶ್ಚಿಂತೆಯಿಂದ ಎರಡು ಮುದ್ದೆ ಉಂಡೆ.

ಎರಡು ತಿಂಗಳಿಗೆ ಮತ್ತೆ ತೂಕ ನಿಂತಿತು. ನನ್ನ ಬೆನ್ನ ಹಿಂದೆ ಮ್ಯಾನೇಜರು, ಅವರ ಹಿಂದೆ ಮಳವಳ್ಳಿ ಕಡೆಯ ಅಷ್ಟೂ ರೈತರು. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಬೆವರು ಒರೆಸಿಕೊಳ್ಳುತ್ತಾ ಹುಡುಕಿದರೆ ಲಾಗ್ ಫೈಲು ಅಂಗೈಯಷ್ಟೇ ಇದೆ. ಡಿಸ್ಕನ್ನೆಲ್ಲ ನುಂಗಿ ಕೂತಿರುವುದು ಬೇರೊಂದು ಫೈಲು. ತೆರೆದೆ. ನನ್ನ ಪ್ರೋಗ್ರಾಂ ಸೆಕೆಂಡಿಗೊಂದರಂತೆ ಬರೆದು ಪೇರಿಸಿದ ಪಟ್ಟಿಗಳು!

ಮ್ಯಾನೇಜರು ಕನ್ನಡಕ ಏರಿಸಿ ಕೊನೆಯ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು: "ಜಾಗ ಇದೆ, ಹೆದರ..." ಆಮೇಲೆ ನನ್ನತ್ತ ತಿರುಗಿ, "'ಬೇಡ' ಎಲ್ಲೋಯ್ತಮ್ಮ?" ಎಂದರು.

ಅಷ್ಟು ಬರೆಯುವುದಕ್ಕೆ ಡಿಸ್ಕಿನಲ್ಲಿ ಜಾಗವಿರಲಿಲ್ಲ.