ಇಪ್ಪತ್ತು ಸೆಕೆಂಡಿನ ನೀಲಿ ಬೆಳಕು

ಹಲ್ಲಿನ ಕ್ಲಿನಿಕ್ಕಿಗೆ ಬರುವವರೆಲ್ಲ ಅಳುತ್ತಲೇ ಬರುತ್ತಾರೆ ಅಂದುಕೊಂಡಿದ್ದೆ. ಚನ್ನಪಟ್ಟಣದ ನಮ್ಮ ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆಯಾದರೂ ನಾನು ಮಾಸ್ಕಿನೊಳಗೆ ನಗು ನುಂಗುತ್ತೇನೆ. ನಾನು ಓದಿದ್ದು ಹತ್ತನೇ ಕ್ಲಾಸು. ಡಾಕ್ಟರು ವಕ್ರ ಹಲ್ಲಿಗೆ ಕ್ಲಿಪ್ ಅಂಟಿಸುವಾಗ ನೀಲಿ ಲೈಟ್ ಹಿಡಿಯುವುದು ನನ್ನ ಕೆಲಸ. ಆ ಬೆಳಕು ಸರಿಯಾಗಿ ಬಿದ್ದರೆ ಮಾತ್ರ ಅಂಟು ಕಲ್ಲಿನಂತೆ ಗಟ್ಟಿಯಾಗುತ್ತದೆ.

೧

ಆಯುಧಪೂಜೆಗೆ ಡಾಕ್ಟರು ಕುರ್ಚಿಯಿಂದ ಹಿಡಿದು ನೀಲಿ ಲೈಟಿನವರೆಗೆ ಎಲ್ಲಕ್ಕೂ ತಾವೇ ಗಂಧ, ಕುಂಕುಮ ಇಟ್ಟಿದ್ದರು. ರಜೆ ಮುಗಿದು ಬಾಗಿಲು ತೆಗೆದ ದಿನ ಹೊಂಗನೂರಿನಿಂದ ರೇಷ್ಮೆ ಸಾಕುವ ಹೆಂಗಸೊಬ್ಬರು ಮಗಳಿಗೆ ಕ್ಲಿಪ್ ಹಾಕಿಸಲು ಬಂದರು. ನಾನು ಲೈಟ್ ಹಿಡಿದೆ.

"ಎಷ್ಟೊತ್ತಿಗೆ ಗಟ್ಟಿ ಆಯ್ತದವ್ವಾ?"

"ಒಂದೊಂದಕ್ಕೆ ಇಪ್ಪತ್ತು ಸೆಕೆಂಡ್ ಅಕ್ಕ."

"ಹಂಗಾದ್ರೆ ಒಸಿ ನನ್ನ ಮಂಡಿಗೂ ಬುಡು. ಕೀಲು ಸಡ್ಲ ಆಗೈತೆ."

೨

ನಾಲ್ಕೇ ದಿನಕ್ಕೆ ಹುಡುಗಿ ವಾಪಸ್ ಬಂದಳು, ಬಿದ್ದ ಕ್ಲಿಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡು. ಡಾಕ್ಟರು ಕರಾವಳಿಯ ಕಡೆಯವರು.

"ಏನು ತಿಂದೆ?"

"ಮುದ್ದೆ ಸಾರ್."

"ಜೋರಾಗಿ ಅಗಿದೆಯಾ?"

ಕಾಯುತ್ತಾ ಕೂತವರೆಲ್ಲ ತಿರುಗಿ ನೋಡಿದರು. ಹುಡುಗಿಯ ಅಮ್ಮ ಎದ್ದು ನಿಂತರು.

"ಮುದ್ದೆ ಅಗಿಯೋ ವಂಶ ಅಲ್ಲ ಸಾ ನಮ್ದು. ನುಂಗೋರು ನಾವು."

೩

ಮತ್ತೆ ಅಂಟಿಸಿದೆವು, ಮತ್ತೆ ಬಿತ್ತು. ಬೇರೆಯವರ ಕ್ಲಿಪ್ಪುಗಳೂ ಉದುರತೊಡಗಿದವು. ಡಾಕ್ಟರು ತಾಯಿ ಮಗಳ ಎದುರಿಗೇ ನನಗೆ ಹೇಳಿದರು: "ನಿಮಗೆ ಲೈಟ್ ಹಿಡಿಯಲು ಬರುವುದಿಲ್ಲ. ಇನ್ನೊಂದು ಬಿದ್ದರೆ ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ."

ನನ್ನ ಮಗಳ ಸ್ಕೂಲಿನ ಪಕ್ಕದಲ್ಲೇ, ಸ್ಕೂಲು ಬಿಡುವ ಹೊತ್ತಿಗೇ ಮುಗಿಯುವ ಕೆಲಸ ಇನ್ನೆಲ್ಲಿ ಸಿಗುತ್ತದೆ? ಮನೆಯಲ್ಲಿ ಮಗಳ ಬಾಯಿ ತೆಗೆಸಿ, ಟಾರ್ಚ್ ಹಿಡಿದು, ಕೈ ಅಲುಗದಂತೆ ಇಪ್ಪತ್ತರವರೆಗೆ ಎಣಿಸಿ ಎಣಿಸಿ ಅಭ್ಯಾಸ ಮಾಡಿದೆ.

ಆ ವಾರವೇ ಅವಳ ಮಿಸ್ ನನ್ನನ್ನು ಕರೆಸಿದರು. ನೂರರವರೆಗೆ ಎಣಿಸು ಅಂದರೆ ಇವಳು ಇಪ್ಪತ್ತಕ್ಕೇ ನಿಲ್ಲಿಸಿ, "ಆಯ್ತು, ಈಗ ಉಗೀರಿ" ಅಂದಳಂತೆ.

೪

ಮುಂದಿನ ವಾರ ಅದೇ ಹುಡುಗಿ, ಅದೇ ಹಲ್ಲು. ನನ್ನ ಕೆಲಸ ಹೋಯಿತು ಅಂದುಕೊಂಡೇ ಲೈಟಿಗೆ ಹೊಸ ಪ್ಲಾಸ್ಟಿಕ್ ಕವರ್ ಹಾಕುತ್ತಿದ್ದೆ. ಹುಡುಗಿಯ ಅಮ್ಮ ಬಗ್ಗಿ ನೋಡಿದರು.

"ಅದೇನವ್ವಾ ತುದೀಲಿ?"

"ಪೂಜೆ ಬೊಟ್ಟು ಅಕ್ಕ."

ಬೆಳಕು ಹೊರಬರುವ ಗಾಜಿನ ಮೇಲೇ ಗಂಧ, ಅದರ ಮೇಲೆ ಕಾಸಗಲದ ಕುಂಕುಮ. ದಿನವೂ ನೋಡುತ್ತಿದ್ದೆ, ಡಾಕ್ಟರೂ ನೋಡುತ್ತಿದ್ದರು. ದೇವರ ಬೊಟ್ಟು ತಾನಾಗಿ ಹೋಗಬೇಕೇ ಹೊರತು ಒರೆಸಬಾರದು ಅಂತ ಇಬ್ಬರೂ ಸುಮ್ಮನಿದ್ದೆವು. ಅದು ಅಳಿಸದಿರಲಿ ಅಂತ ನಾನು ಕವರನ್ನೂ ಹುಷಾರಾಗಿ ಹಾಕುತ್ತಿದ್ದೆ.

"ನಮ್ಮ ಯಜಮಾನ್ರೂ ಹಿಂಗೇ ಗಾಡಿ ಹೆಡ್‌ಲೈಟಿಗೆ ದಪ್ಪಗೆ ಬೊಟ್ಟಿಟ್ಟು, ದಾರಿ ಕಾಣದೆ ಕಾಲುವೆಗೆ ಬಿದ್ರು," ಅಂದರು ಆಕೆ.

ಡಾಕ್ಟರು ಲೈಟನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಒರೆಸಿಬಿಡಿ," ಅಂದರು.

"ಇಟ್ಟವರೇ ಒರೆಸಬೇಕು ಸಾರ್," ಅಂದೆ.

ಅವರು ಗ್ಲೌಸ್ ಕಳಚಿ, ಲೈಟನ್ನು ಕಣ್ಣಿಗೊತ್ತಿಕೊಂಡು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರು. ಸ್ವಿಚ್ ಒತ್ತಿದರೆ ಗೋಡೆಯೆಲ್ಲ ನೀಲಿ. ಕ್ಲಿಪ್ ಅಂಟಿತು. ಡಾಕ್ಟರು ಎಳೆದು ನೋಡಿದರು, ಅಲುಗಲಿಲ್ಲ.

ಹುಡುಗಿಯ ಅಮ್ಮ ಹೊರಟವರು ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿ, ಡಾಕ್ಟರ ಕಡೆ ತಿರುಗಿದರು.

"ಇನ್ನೊಂದು ಬಿದ್ರೆ ನಾವೂ ಬೇರೇರ್ನ ನೋಡ್ಕತೀವಿ ಸಾ. ಈವಮ್ಮ ಇರ್ಲಿ."